ಓದುಗರ ಪ್ರಶ್ನೆ: ಬ್ಲೂಗ್ರಾಸ್ ಸಂಗೀತವನ್ನು ಹುಟ್ಟುಹಾಕಿದ್ದು ಬಿಲ್ ಮನ್ರೋ ಒಬ್ಬರೇನಾ?

ಬ್ಲೂಗ್ರಾಸ್ ಅಂದರೆ ತಂತಿವಾದ್ಯಗಳ ಮೇಲೆ ನಿಂತ, ಅಮೆರಿಕದ ಹಳ್ಳಿಗಾಡಿನ ಸಂಗೀತ. ಅದನ್ನು ಕೇಳೋಕೆ ಶುರು ಮಾಡಿದವರು ಬೇಗನೆ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. "ಎಲ್ಲ ಕಡೆ ಬಿಲ್ ಮನ್ರೋ ಅವರನ್ನು ಬ್ಲೂಗ್ರಾಸ್‌ನ ತಂದೆ ಅಂತ ಕರೀತಾರೆ. ಒಂದು ಇಡೀ ಸಂಗೀತ ಪ್ರಕಾರ ಒಬ್ಬರಿಂದ ಹುಟ್ಟೋಕೆ ಸಾಧ್ಯನಾ?"

ತಂದೆ ಅನ್ನುವ ಮಾತು ಸರಿ. ಒಬ್ಬರೇ ಅನ್ನುವುದು ಸರಿಯಲ್ಲ. ಆ ಸಂಗೀತದ ಹೆಸರು ಅವರ ಬ್ಯಾಂಡಿನಿಂದ ಬಂತು, ವೇಗ ಅವರದು, ಹಟವೂ ಅವರದೇ. ಆದರೆ ಇವತ್ತು ನಾವು ಕೇಳಿದ ಕೂಡಲೇ "ಓ, ಇದು ಬ್ಲೂಗ್ರಾಸ್" ಅಂತ ಗುರುತಿಸುವ ಸದ್ದು ಇದೆಯಲ್ಲ, ಅದು ಪೂರ್ತಿಯಾಗಿದ್ದು 1945ರ ಡಿಸೆಂಬರ್‌ನಲ್ಲಿ, 21 ವರ್ಷದ ಹುಡುಗನೊಬ್ಬ ಬ್ಯಾಂಜೋ ಎಂಬ ಐದು ತಂತಿಯ ವಾದ್ಯ ಹಿಡಿದು ಆ ಬ್ಯಾಂಡಿಗೆ ಸೇರಿದ ಮೇಲೆ.

ಮೊದಲು ಮನ್ರೋ ಕಥೆ. ಹುಟ್ಟಿದ್ದು 1911ರಲ್ಲಿ, ಕೆಂಟಕಿಯ ರೋಸೀನ್ ಎಂಬ ಸಣ್ಣ ಊರಿನ ಹತ್ತಿರ. ಎಂಟು ಮಕ್ಕಳಲ್ಲಿ ಕೊನೆಯವರು. ಒಬ್ಬ ಅಣ್ಣ ಫಿಡಲ್ ಹಿಡಿದರು, ಇನ್ನೊಬ್ಬರು ಗಿಟಾರ್ ಹಿಡಿದರು, ಕಿರಿಯನಿಗೆ ಉಳಿದಿದ್ದು ಮ್ಯಾಂಡೊಲಿನ್. ಅದರಲ್ಲೂ ಸದ್ದು ಜಾಸ್ತಿ ಆಗಬಾರದು ಅಂತ ಎಂಟು ತಂತಿಯಲ್ಲಿ ನಾಲ್ಕನ್ನು ತೆಗೆಸಿಬಿಟ್ಟಿದ್ದರು. ಮುಂದೆ ಅದೇ ಮ್ಯಾಂಡೊಲಿನ್‌ನಿಂದ ಅವರು ತೆಗೆದ ಸದ್ದು ಕೇಳಿದಾಗಲೆಲ್ಲ ನನಗೆ ಆ ನಾಲ್ಕು ತಂತಿ ನೆನಪಾಗುತ್ತವೆ.

ಹತ್ತು ವರ್ಷಕ್ಕೆ ತಾಯಿ ಹೋದರು, ಹದಿನಾರಕ್ಕೆ ತಂದೆ. ಆಮೇಲೆ ಅವರಿಗೆ ಆಸರೆಯಾದವರು ಸೋದರಮಾವ ಪೆನ್ ವ್ಯಾಂಡಿವರ್. ಮಾವ ಊರೂರು ಸುತ್ತಿ ಕುಣಿತದ ಕೂಟಗಳಿಗೆ ಫಿಡಲ್ ನುಡಿಸುತ್ತಿದ್ದರು, ಅಳಿಯ ಹಿಂದೆ ಕೂತು ಸಾಥ್ ಕೊಡುತ್ತಿದ್ದ. ಇನ್ನೊಬ್ಬ ಗುರು ಆರ್ನಲ್ಡ್ ಶುಲ್ಟ್ಸ್. ಕಪ್ಪು ಜನಾಂಗದವರು, ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದವರು, ಗಿಟಾರ್ ಮತ್ತು ಫಿಡಲ್ ಎರಡರಲ್ಲೂ ಪಳಗಿದ ಕೈ. ಮನ್ರೋ ಸಂಗೀತದಲ್ಲಿ ಬ್ಲೂಸ್ ಬೆರೆತಿದ್ದರಲ್ಲಿ ಶುಲ್ಟ್ಸ್ ಪಾಲು ದೊಡ್ಡದು, ಇದನ್ನು ಮನ್ರೋ ಅವರೇ ಒಪ್ಪಿಕೊಂಡಿದ್ದರು. ಆದರೆ ಶುಲ್ಟ್ಸ್ 1931ರಲ್ಲಿ ತೀರಿಕೊಂಡರು, ಅವರು ನುಡಿಸಿದ ಒಂದೇ ಒಂದು ರೆಕಾರ್ಡ್ ಕೂಡ ಇಲ್ಲ. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಬೇಸರ ತರುವ ವಿಷಯ ಇದು. ಬ್ಯಾಂಜೋ ಕೂಡ ಆಫ್ರಿಕಾದಿಂದ ಗುಲಾಮರಾಗಿ ಬಂದವರು ಕಟ್ಟಿಕೊಂಡ ವಾದ್ಯವೇ ಅಲ್ವಾ?

ಅಣ್ಣ ಚಾರ್ಲಿ ಜೊತೆ ಕೆಲವು ವರ್ಷ ಹಾಡಿ, 1938ರಲ್ಲಿ ಬೇರೆಯಾಗಿ, ಮನ್ರೋ ತಮ್ಮದೇ ಬ್ಯಾಂಡ್ ಕಟ್ಟಿದರು. ಕೆಂಟಕಿಗೆ ಬ್ಲೂಗ್ರಾಸ್ ನಾಡು ಅನ್ನುವ ಅಡ್ಡಹೆಸರಿದೆ, ಅದಕ್ಕೇ ಬ್ಯಾಂಡಿಗೆ ಬ್ಲೂ ಗ್ರಾಸ್ ಬಾಯ್ಸ್ ಅಂತ ಹೆಸರಿಟ್ಟರು. 1939ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ರೇಡಿಯೋ ಕಾರ್ಯಕ್ರಮಕ್ಕೆ ಸೇರಿಕೊಂಡರು.

ಈಗ ಸುಮ್ನೆ ಒಂದು ಕೆಲಸ ಮಾಡಿ. ಅವರ ಮೂರು ರೆಕಾರ್ಡಿಂಗ್ ಸಾಲಾಗಿ ಕೇಳಿ. 1940ರ "ಮ್ಯೂಲ್ ಸ್ಕಿನ್ನರ್ ಬ್ಲೂಸ್": ವೇಗ ಇದೆ, ಆ ಎತ್ತರದ ಚೂಪು ದನಿ ಇದೆ, ಆದರೆ ಬ್ಯಾಂಜೋ ಇಲ್ಲವೇ ಇಲ್ಲ. 1945ರ ಫೆಬ್ರವರಿಯ "ಕೆಂಟಕಿ ವಾಲ್ಟ್ಸ್": ಈಗ ಬ್ಯಾಂಡಿನಲ್ಲಿ ಬ್ಯಾಂಜೋ ಬಂದಿದೆ, ಜೊತೆಗೆ ಸ್ಯಾಲಿ ಆನ್ ಫಾರೆಸ್ಟರ್ ಅವರ ಅಕಾರ್ಡಿಯನ್ ಕೂಡ ಇದೆ. ಚೆನ್ನಾಗಿದೆ, ಆದರೆ ನಾವು ಹುಡುಕುತ್ತಿರುವ ಸದ್ದು ಇನ್ನೂ ಬಂದಿಲ್ಲ. ಆಮೇಲೆ 1946ರ ಸೆಪ್ಟೆಂಬರ್‌ನ "ವಿಲ್ ಯು ಬಿ ಲವಿಂಗ್ ಅನದರ್ ಮ್ಯಾನ್" ಹಾಕಿ. ಒಂದೂವರೆ ವರ್ಷದಲ್ಲಿ ಎಲ್ಲ ಬದಲಾಗಿದೆ. ಬದಲಾಯಿಸಿದ್ದು ಮೊದಲು ಹೇಳಿದ ಆ ಬ್ಯಾಂಜೋ ಹುಡುಗ, ಅರ್ಲ್ ಸ್ಕ್ರಗ್ಸ್.

ಸ್ಕ್ರಗ್ಸ್ ನಾರ್ತ್ ಕ್ಯಾರೊಲೈನಾದವರು. ನಾಲ್ಕು ವರ್ಷಕ್ಕೇ ತಂದೆಯನ್ನು ಕಳೆದುಕೊಂಡವರು, ಆಮೇಲೆ ನೂಲಿನ ಗಿರಣಿಯಲ್ಲಿ ದುಡಿದವರು. ಚಿಕ್ಕವರಿದ್ದಾಗ ಅಣ್ಣ ಹೊರೇಸ್ ಜೊತೆ ಒಂದು ಆಟ ಆಡುತ್ತಿದ್ದರು. ಇಬ್ಬರೂ ಒಂದೇ ಹಾಡು ಒಟ್ಟಿಗೆ ಶುರು ಮಾಡುವುದು, ನುಡಿಸುತ್ತಾ ಒಬ್ಬರು ಮನೆಯ ಈ ಕಡೆಯಿಂದ, ಇನ್ನೊಬ್ಬರು ಆ ಕಡೆಯಿಂದ ಸುತ್ತಿ ಹೋಗುವುದು, ಹಿತ್ತಲಲ್ಲಿ ಎದುರಾದಾಗ ಲಯ ಒಂದೇ ಇದೆಯಾ ಅಂತ ನೋಡುವುದು. ಅವರ ಬ್ಯಾಂಜೋದಲ್ಲಿ ಲಯ ಅಷ್ಟು ಗಟ್ಟಿಯಾಗಿ ನಿಲ್ಲುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಸುಮಾರು ಹತ್ತು ವರ್ಷದವರಿದ್ದಾಗ, ಅಣ್ಣನ ಜೊತೆ ಜಗಳ ಆಡಿಕೊಂಡು, ಒಬ್ಬರೇ ಕೋಣೆಯಲ್ಲಿ ಕೂತು "ರೂಬೆನ್" ಎಂಬ ಹಳೆ ಹಾಡು ನುಡಿಸುತ್ತಿದ್ದರಂತೆ. ಇದ್ದಕ್ಕಿದ್ದಂತೆ ನೋಡಿಕೊಂಡರೆ ಮೂರು ಬೆರಳು ಆಡುತ್ತಿವೆ. ಆ ಸೀಮೆಯಲ್ಲಿ ಮೂರು ಬೆರಳಿನ ವಾದಕರು ಮೊದಲೇ ಇದ್ದರು, ಸ್ನಫಿ ಜೆಂಕಿನ್ಸ್ ಅಂಥವರು. ಆದರೆ ಅದನ್ನು ಇಷ್ಟು ನುಣುಪಾಗಿ, ಇಷ್ಟು ವೇಗವಾಗಿ, ಒಂದು ಸ್ವರವೂ ಮಸುಕಾಗದಂತೆ ಮಾಡಿದ್ದು ಸ್ಕ್ರಗ್ಸ್.

ಅದು ಕೆಲಸ ಮಾಡುವ ರೀತಿ ನಮಗೆ ಬೇಗ ಅರ್ಥವಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಮೂರು ಬೆರಳು ಸರದಿಯಲ್ಲಿ ಮೀಟುತ್ತವೆ, ತಾಳಕ್ಕೆ ಬೇಕಾಗಿರುವುದು ಎಂಟು ಸ್ವರ. ಹಾಗಾಗಿ ಮೂರು, ಮೂರು, ಎರಡು ಅಂತ ಬೀಳುತ್ತದೆ. ತಕಿಟ ತಕಿಟ ತಕ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಕೇಳಿ ನೋಡಿ. ಒತ್ತು ಪ್ರತಿ ಸಲ ಜಾಗ ಬದಲಿಸುತ್ತದೆ, ಅದಕ್ಕೇ ಆ ಸದ್ದು ಮುಂದಕ್ಕೆ ಉರುಳುತ್ತಲೇ ಇರುತ್ತದೆ. ಐದನೆಯ ಗಿಡ್ಡ ತಂತಿ ಮಾತ್ರ ನಮ್ಮ ತಂಬೂರಿ ಹಾಗೆ ಒಂದೇ ಸ್ವರವನ್ನು ಮತ್ತೆ ಮತ್ತೆ ನೆನಪಿಸುತ್ತಿರುತ್ತದೆ. ಡ್ರಮ್ ಇಲ್ಲದ ಈ ಬ್ಯಾಂಡಿನಲ್ಲಿ ಡ್ರಮ್ ಕೆಲಸ ಮಾಡುವುದು ಮನ್ರೋ ಅವರ ಮ್ಯಾಂಡೊಲಿನ್: ತಂತಿಗಳನ್ನು ಒಮ್ಮೆಗೇ ಹೊಡೆದು, ತಕ್ಷಣ ಬೆರಳು ಸಡಿಲಿಸಿ ಸದ್ದು ಕತ್ತರಿಸುವುದು.

ಗಿಟಾರ್ ಹಿಡಿದು ಹಾಡುತ್ತಿದ್ದ ಲೆಸ್ಟರ್ ಫ್ಲಾಟ್‌ಗೆ ಬ್ಯಾಂಡಿನಲ್ಲಿ ಬ್ಯಾಂಜೋ ಇರುವುದೇ ಇಷ್ಟವಿರಲಿಲ್ಲ. ಹಿಂದಿನ ಬ್ಯಾಂಜೋ ವಾದಕ ಸ್ಟ್ರಿಂಗ್‌ಬೀನ್ ಬಿಟ್ಟು ಹೋದಾಗ ಸದ್ಯ ಹೋಯಿತು ಅಂದುಕೊಂಡಿದ್ದರು. ಸ್ಕ್ರಗ್ಸ್ ನುಡಿಸಿದ್ದು ಕೇಳಿದ ಮೇಲೆ ಬೆರಗಾಗಿಬಿಟ್ಟರು. ಫಿಡಲ್‌ಗೆ ಚಬ್ಬಿ ವೈಸ್, ಬಾಸ್‌ಗೆ ಹೋವರ್ಡ್ ವಾಟ್ಸ್. 1946 ಮತ್ತು 1947ರಲ್ಲಿ ಕೊಲಂಬಿಯಾ ಕಂಪನಿಗೆ ರೆಕಾರ್ಡ್ ಮಾಡಿದ್ದು ಈ ಐವರು. ನನ್ನ ಲೆಕ್ಕದಲ್ಲಿ ಬ್ಲೂಗ್ರಾಸ್ ಹುಟ್ಟಿದ್ದು ಈ ಐವರ ನಡುವೆ.

1948ರ ಆರಂಭದಲ್ಲಿ ಫ್ಲಾಟ್ ಮತ್ತು ಸ್ಕ್ರಗ್ಸ್ ಬಿಟ್ಟು ಹೋಗಿ ತಮ್ಮದೇ ಬ್ಯಾಂಡ್ ಕಟ್ಟಿದರು. ಮರುವರ್ಷ ಅವರು ರೆಕಾರ್ಡ್ ಮಾಡಿದ "ಫಾಗಿ ಮೌಂಟನ್ ಬ್ರೇಕ್‌ಡೌನ್" ಇವತ್ತಿಗೂ ಬ್ಯಾಂಜೋ ಕಲಿಯುವವರೆಲ್ಲ ನುಡಿಸಬೇಕು ಅಂತ ಆಸೆಪಡುವ ತುಣುಕು. ಮನ್ರೋಗೆ ತುಂಬಾ ನೋವಾಯಿತು, ಬಹಳ ವರ್ಷ ಅವರೊಂದಿಗೆ ಮಾತೇ ಆಡಲಿಲ್ಲ.

ಅದೇ 1948ರಲ್ಲಿ ವರ್ಜೀನಿಯಾದ ಸ್ಟ್ಯಾನ್ಲಿ ಸಹೋದರರು, ಕಾರ್ಟರ್ ಮತ್ತು ರಾಲ್ಫ್, "ಮಾಲಿ ಅಂಡ್ ಟೆನ್‌ಬ್ರೂಕ್ಸ್" ಎಂಬ ಕುದುರೆ ಪಂದ್ಯದ ಹಾಡಿನ ರೆಕಾರ್ಡ್ ಹೊರತಂದರು. ಅದೇ ಹಾಡನ್ನು ಮನ್ರೋ ಆಗಲೇ ರೆಕಾರ್ಡ್ ಮಾಡಿದ್ದರು, ಆದರೆ ಅದಿನ್ನೂ ಹೊರಬಂದಿರಲಿಲ್ಲ. ಸ್ಟ್ಯಾನ್ಲಿಗಳು ರೇಡಿಯೋದಲ್ಲಿ ಕೇಳಿ ಕಲಿತು, ಅದೇ ವೇಗ, ಅದೇ ಎತ್ತರದ ದನಿ, ಅದೇ ಮೂರು ಬೆರಳಿನ ಬ್ಯಾಂಜೋ ಎಲ್ಲ ಇಟ್ಟುಕೊಂಡು ಹಾಡಿದ್ದರು. ಒಂದು ಬ್ಯಾಂಡಿನ ಸದ್ದು ಒಂದು ಪ್ರಕಾರ ಆಗಿದ್ದು ಇಲ್ಲೇ ಅಂತ ನಾನು ನಂಬುತ್ತೇನೆ. ಮನ್ರೋಗೆ ಮಾತ್ರ ಅದು ಕಳ್ಳತನದಂತೆ ಕಂಡಿತು. ಕೊಲಂಬಿಯಾ ಸ್ಟ್ಯಾನ್ಲಿಗಳನ್ನೂ ಸೇರಿಸಿಕೊಂಡಾಗ ಅವರು ಆ ಕಂಪನಿಯನ್ನೇ ಬಿಟ್ಟರು. 1951ರಲ್ಲಿ ಕೆಲವು ತಿಂಗಳು ಮನ್ರೋ ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತು ಹಾಡಿದವರು ಅದೇ ಕಾರ್ಟರ್ ಸ್ಟ್ಯಾನ್ಲಿ.