ಉಚಿತ ವಕೀಲರ ಫೀಸು ಯಾರು ಕಟ್ಟುತ್ತಾರೆ?

ಓದುಗರ ಪ್ರಶ್ನೆ: "ನನ್ನ ತಂಗಿಗೆ ಗಂಡನಿಂದ ಜೀವನಾಂಶ ಬರಬೇಕು. ಕೋರ್ಟಲ್ಲಿ ಫ್ರೀಯಾಗಿ ವಕೀಲರನ್ನು ಕೊಡ್ತಾರಂತೆ. ಅವರ ಫೀಸು ಯಾರು ಕೊಡ್ತಾರೆ? ಆಮೇಲೆ ನಮ್ಮ ಹತ್ರಾನೇ ಕೇಳಲ್ವಾ?"

ಕೇಳುವ ಹಾಗಿಲ್ಲ. ಆ ವಕೀಲರಿಗೆ ಗೌರವಧನ ಕೊಡುವುದು ಕಾನೂನು ಸೇವಾ ಪ್ರಾಧಿಕಾರ, ಅಂದರೆ ಉಚಿತ ಕಾನೂನು ನೆರವು ಕೊಡಲೆಂದೇ ಇರುವ ಸರ್ಕಾರಿ ಸಂಸ್ಥೆ. ಆ ದುಡ್ಡು ಬರುವುದು ಹೆಚ್ಚಾಗಿ ಸರ್ಕಾರದ ಖಜಾನೆಯಿಂದ. ಅಂದರೆ ಸೋಪು ಕೊಂಡಾಗಲೂ ನಾವು ಕಟ್ಟುವ ತೆರಿಗೆಯಿಂದ. ನಿಮ್ಮ ತಂಗಿಯೂ ಅದಕ್ಕೆ ತನ್ನ ಪಾಲು ಕಟ್ಟಿದ್ದಾಳೆ. ಹಾಗಾಗಿ ಯಾರ ಮುಂದೆಯೂ ತಲೆ ತಗ್ಗಿಸಿ ನಿಲ್ಲಬೇಕಿಲ್ಲ.

ಇದಕ್ಕೆ ಆಧಾರ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ರಾಷ್ಟ್ರ, ರಾಜ್ಯ, ಜಿಲ್ಲೆ, ಮೂರು ಮಟ್ಟದಲ್ಲೂ ಕಾನೂನು ನೆರವು ನಿಧಿ ಇದೆ. ಕೇಂದ್ರದ ಅನುದಾನ ರಾಷ್ಟ್ರೀಯ ನಿಧಿಗೆ ಬಂದು, ಅಲ್ಲಿಂದ ರಾಜ್ಯಗಳಿಗೆ ಹೋಗುತ್ತದೆ. ರಾಜ್ಯ ಸರ್ಕಾರವೂ ಹಣ ಹಾಕುತ್ತದೆ. ಬಡ ಆರೋಪಿಗೆ ವಕೀಲರನ್ನು ಕೊಡಲು ದುಡ್ಡಿಲ್ಲ ಎಂದು ಸರ್ಕಾರ ನುಣುಚಿಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಬಿಹಾರದ ಖತ್ರಿ ಪ್ರಕರಣದಲ್ಲಿ ಹೇಳಿದೆ.

ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟಿದ್ದರೂ ಈ ನೆರವು ಸಿಗುತ್ತದೆ. ತುಂಬಾ ಜನರಿಗೆ ಇದು ಗೊತ್ತೇ ಇಲ್ಲ. ಉಳಿದವರಿಗೆ ಮಾತ್ರ ಆದಾಯದ ಮಿತಿ ಇದೆ. ಅದಕ್ಕೂ ಸಾಮಾನ್ಯವಾಗಿ ಒಂದು ಅಫಿಡವಿಟ್ ಸಾಕು.

ಇನ್ನೊಂದು ಮಾತು. ಕಾಯ್ದೆಯ ಪ್ರಕಾರ ಕಾನೂನು ಸೇವೆ ಅಂದರೆ ಕೇಸು ನಡೆಸುವುದಷ್ಟೇ ಅಲ್ಲ, ಸಲಹೆ ಕೊಡುವುದೂ ಹೌದು. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಒಬ್ಬ ಅಜ್ಜಿಯ ವಿಧವಾ ವೇತನ ನಿಂತಿದೆ ಅಂದುಕೊಳ್ಳಿ. ಆಧಾರ್‌ನಲ್ಲಿ 'ಲಕ್ಷ್ಮಮ್ಮ', ಬ್ಯಾಂಕ್ ಪಾಸ್‌ಬುಕ್‌ನಲ್ಲಿ 'ಲಕ್ಷ್ಮೀದೇವಮ್ಮ'. ಅಲ್ಲಿಂದ ಇಲ್ಲಿಗೆ ಸುಮ್ನೆ ಅಲೆದು ಚಪ್ಪಲಿ ಸವೆದಿದೆ. ಯಾರಾದರೂ ಹತ್ತು ನಿಮಿಷ ಕೂತು ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರೆ ತೊಡಕು ಎಲ್ಲಿದೆ ಅಂತ ಗೊತ್ತಾಗುತ್ತದೆ. ಯಾರಿಗೆ ಅರ್ಜಿ ಹಾಕಬೇಕು ಎಂದು ಹೇಳಿ, ಅದನ್ನು ಬರೆದೂ ಕೊಟ್ಟರೆ ಅಜ್ಜಿಯ ಅಲೆದಾಟ ತಪ್ಪುತ್ತದೆ. ಪ್ರಾಧಿಕಾರದ ಪ್ಯಾರಾ ಲೀಗಲ್ ಸ್ವಯಂಸೇವಕರು, ಅಂದರೆ ಕಾನೂನಿನ ತರಬೇತಿ ಪಡೆದು ಜನರಿಗೆ ನೆರವಾಗುವವರು, ಇರುವುದು ಇಂಥ ಕೆಲಸಕ್ಕೇ. ಕೇಸು ವರ್ಷಗಟ್ಟಲೆ ಎಳೆಯುವುದಕ್ಕಿಂತ ಈ ಹತ್ತು ನಿಮಿಷಕ್ಕೆ ಸರ್ಕಾರ ಜಾಸ್ತಿ ದುಡ್ಡು ಇಡಬೇಕು ಅಲ್ವಾ?

ನಿಮ್ಮ ತಂಗಿ ತಾಲ್ಲೂಕು ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ಎಲ್ಲಿದೆ ಅಂತ ಕೇಳಲಿ. ಇಲ್ಲವೇ 15100ಕ್ಕೆ ಫೋನ್ ಮಾಡಲಿ. ಗುರುತಿನ ಚೀಟಿ, ಮದುವೆಗೆ ಸಂಬಂಧಿಸಿದ ದಾಖಲೆ, ಗಂಡ ಎಲ್ಲಿ ದುಡಿಯುತ್ತಾನೆ ಎಂಬ ವಿವರ ಜೊತೆಗಿರಲಿ. ಕೋರ್ಟ್ ಶುಲ್ಕ, ಟೈಪಿಂಗ್, ದಾಖಲೆಗಳ ನಕಲು, ಈ ಖರ್ಚನ್ನೂ ಪ್ರಾಧಿಕಾರವೇ ನೋಡಿಕೊಳ್ಳುತ್ತದೆ. ನೇಮಕವಾದ ವಕೀಲರು ಅಪ್ಪಿತಪ್ಪಿ ಹಣ ಕೇಳಿದರೆ ಕೊಡಬೇಡಿ. ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಕೊಟ್ಟು, ಬೇರೆ ವಕೀಲರನ್ನು ಕೇಳಿ.