ಮಷೀನು ಕುಣಿದರೆ ಮೊದಲು ಅದರ ಕಾಲು ನೋಡಿ

‘ಅಣ್ಣಾ, ಬೇರಿಂಗ್ ಹೋಗಿದೆ, ಬಂದು ಹಾಕಿಕೊಡಿ’ ಎಂದು ಶುರುವಾಗುವ ಫೋನುಗಳಲ್ಲಿ ಹೆಚ್ಚಿನವಕ್ಕೂ ಬೇರಿಂಗಿಗೂ, ಅಂದರೆ ಬಟ್ಟೆಯ ಡ್ರಮ್ಮು ಸಲೀಸಾಗಿ ತಿರುಗಲು ಅದರ ಅಚ್ಚಿಗೆ ಹಾಕಿರುವ ಗುಂಡುಗಳ ಬಳೆಗೂ, ಸಂಬಂಧವೇ ಇರುವುದಿಲ್ಲ. ಮೈಸೂರಿನಲ್ಲಿ 22 ವರ್ಷದಿಂದ ವಾಷಿಂಗ್ ಮಷೀನ್ ರಿಪೇರಿ ಮಾಡುತ್ತಿದ್ದೇನೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಕೇಳುವುದು ಒಂದೇ ಮಾತು: ಸದ್ದು ಯಾವ ಹೊತ್ತಿನಲ್ಲಿ ಬರುತ್ತದೆ? ಒಗೆಯುವಾಗಲೋ, ನೀರು ಹೊರಗೆ ಹೋಗುವಾಗಲೋ, ಹಿಂಡುವಾಗಲೋ? ಹಿಂಡುವಾಗ ಅಂದರೆ ಬಟ್ಟೆ ತುಂಬಿದ್ದಾಗ ಮಾತ್ರವೋ, ಖಾಲಿ ಓಡಿಸಿದರೂ ಬರುತ್ತದೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಕಳೆದ ಮಳೆಗಾಲದಲ್ಲಿ ಕುವೆಂಪುನಗರದ ಒಂದು ಮನೆಗೆ ಹೋಗಿದ್ದೆ. ಎರಡನೇ ಮಹಡಿ, ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ 7 ಕೆಜಿಯ ಫ್ರಂಟ್ ಲೋಡ್. ಹಿಂಡುವ ಹೊತ್ತಿಗೆ ಗೋಡೆ ಬಿಟ್ಟು ಒಂದು ಗೇಣು ಮುಂದೆ ಬರುತ್ತಿತ್ತು. ಕೆಳಗಿನ ಮನೆಯವರು ಬಂದು ಜಗಳವಾಡಿದ್ದರು. ಮೊದಲು ಬಂದವರೊಬ್ಬರು ಬೇರಿಂಗ್, ಸೀಲ್, ಶಾಕ್ ಅಬ್ಸಾರ್ಬರ್ ಎಲ್ಲ ಹೊಸದು ಹಾಕಬೇಕೆಂದು ಚೀಟಿ ಬರೆದುಕೊಟ್ಟಿದ್ದರು. ನಾನು ಮಷೀನಿನ ಮೇಲೆ ಎರಡೂ ಅಂಗೈ ಊರಿ, ಎದುರುಬದುರು ಮೂಲೆಗಳನ್ನು ಒಂದಾದ ಮೇಲೊಂದು ಒತ್ತಿದೆ. ಎಡಗಡೆ ಮುಂದಿನ ಮೂಲೆ ‘ಟಕ್’ ಎಂದು ನೆಲ ಮುಟ್ಟಿತು, ಕೈ ತೆಗೆದರೆ ಮತ್ತೆ ಎದ್ದಿತು. ಬಗ್ಗಿ ನೋಡಿದರೆ ಕಾಲಿನ ಕೆಳಗೆ ಮಡಚಿಟ್ಟ ರಟ್ಟು, ನೀರು ಕುಡಿದು ಹಪ್ಪಳದಂತೆ ಚಪ್ಪಟೆಯಾಗಿತ್ತು. ಅಷ್ಟೇ ರೋಗ.

ನಮ್ಮ ಮನೆಗಳ ಯುಟಿಲಿಟಿಯಲ್ಲೂ ಬಚ್ಚಲಿನಲ್ಲೂ ನೀರು ನಿಲ್ಲಬಾರದೆಂದು ನೆಲವನ್ನು ಮೋರಿ ಕಡೆಗೆ ಇಳಿಜಾರು ಮಾಡಿರುತ್ತಾರೆ. ಮಷೀನಿಗೆ ಬೇಕಾದದ್ದು ಸಮತಟ್ಟು ನೆಲ. ಅದಕ್ಕೇ ಕಂಪನಿಯವರು ಕಾಲುಗಳನ್ನು ತಿರುಗಿಸುವ ಬೋಲ್ಟಾಗಿ ಕೊಟ್ಟಿರುವುದು, ರಟ್ಟು ಇಡಲೆಂದಲ್ಲ. ಫ್ರಂಟ್ ಲೋಡ್ ಮಷೀನು 60–70 ಕೆಜಿ ತೂಗುತ್ತದೆ, ಆದ್ದರಿಂದ ಒಬ್ಬರು ಓರೆಯಾಗಿ ಎತ್ತಿ ಹಿಡಿಯಲಿ, ಇನ್ನೊಬ್ಬರು ಕಾಲು ತಿರುಗಿಸಲಿ. ಗಾರೆ ಕೆಲಸದವರ ರಸಮಟ್ಟವಿದ್ದರೆ ಒಳ್ಳೆಯದು, ಮೊಬೈಲಿನ ಲೆವೆಲ್ ಆಪ್ ಕೂಡ ಸಾಕು. ಎಡಬಲಕ್ಕೂ ಹಿಂದುಮುಂದಕ್ಕೂ ನೋಡಿ. ಕಾಲನ್ನು ಅಗತ್ಯಕ್ಕಿಂತ ಉದ್ದ ಮಾಡಬೇಡಿ, ಕುಳ್ಳಗಿದ್ದಷ್ಟೂ ಗಟ್ಟಿ. ಮಟ್ಟ ಸಿಕ್ಕ ಮೇಲೆ ಕಾಲಿನ ಮೇಲಿರುವ ಲಾಕ್‌ನಟ್ಟನ್ನು ಮೇಲಕ್ಕೆ ತಿರುಗಿಸಿ, ಮಷೀನಿನ ತಳಕ್ಕೆ ಸ್ಪ್ಯಾನರಿನಲ್ಲಿ ಬಿಗಿಯಿರಿ. ಮುಕ್ಕಾಲು ಪಾಲು ಮನೆಗಳಲ್ಲಿ ಮರೆತಿರುವುದು ಇದನ್ನೇ. ನಟ್ಟು ಸಡಿಲವಿದ್ದರೆ ಮಷೀನು ಅದುರಿದಾಗ ಕಾಲು ತಾನಾಗಿಯೇ ತಿರುಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕುಣಿತ. ಚಕ್ರದ ಟ್ರಾಲಿ ಸ್ಟ್ಯಾಂಡ್ ಇದ್ದರೆ ದಯವಿಟ್ಟು ತೆಗೆದುಬಿಡಿ. ಕೂರಲು ಜಾಗ ಗಟ್ಟಿಯಿಲ್ಲದ ಮಷೀನನ್ನು ಯಾವ ಮೆಕ್ಯಾನಿಕ್ಕೂ ಸರಿಮಾಡಲಾರ.

ಇಷ್ಟು ಸಣ್ಣ ವಿಷಯಕ್ಕೆ ಮಷೀನೇ ಯಾಕೆ ನಡೆಯಬೇಕು? ಒಂದು ಲೆಕ್ಕ ಹೇಳುತ್ತೇನೆ. ಡ್ರಮ್ಮಿನ ಒಂದೇ ಮಗ್ಗುಲಲ್ಲಿ 1 ಕೆಜಿ ಒದ್ದೆ ಬಟ್ಟೆ ಹೆಚ್ಚಾಗಿ ಕೂತಿದೆ, ನಡುವಿನಿಂದ ಅದು 25 ಸೆಂಟಿಮೀಟರ್ ದೂರದಲ್ಲಿದೆ ಅನ್ನಿ. ನಿಮಿಷಕ್ಕೆ 400 ಸುತ್ತಿನಲ್ಲಿ ಅದು ಡ್ರಮ್ಮನ್ನು ಸುಮಾರು 45 ಕೆಜಿ ಭಾರದಷ್ಟು ಎಳೆಯುತ್ತದೆ. ವೇಗ ಮೂರು ಪಟ್ಟಾಗಿ 1200 ಸುತ್ತಾದರೆ ಎಳೆತ ಒಂಬತ್ತು ಪಟ್ಟು, ಅಂದರೆ 400 ಕೆಜಿ. ಅದೂ ಒಂದೇ ಕಡೆಗಲ್ಲ, ಸೆಕೆಂಡಿಗೆ 20 ಸಲ ಸುತ್ತಲೂ. ಈ ಕಾರಣಕ್ಕೇ ಫ್ರಂಟ್ ಲೋಡಿನ ಒಳಗೆ ಕಾಂಕ್ರೀಟಿನ ದಿಮ್ಮಿ ಕಟ್ಟಿರುತ್ತಾರೆ, ಟಾಪ್ ಲೋಡಿನ ಬುಟ್ಟಿಯ ಬಾಯಿಗೆ ಉಪ್ಪುನೀರು ತುಂಬಿದ ಬಳೆ ಕೂರಿಸಿರುತ್ತಾರೆ.

ಹಾಗಾಗಿ ಎರಡನೆಯದಾಗಿ ನೋಡಬೇಕಾದದ್ದು ಬಟ್ಟೆ. ಒಂದೇ ಜೀನ್ಸ್, ಒಂದೇ ಬೆಡ್‌ಶೀಟ್, ಒಂದೇ ಕಾಲೊರಸು ಹಾಕಿದರೆ ಅದು ಉಂಡೆಯಾಗಿ ಒಂದು ಕಡೆ ಕೂರುತ್ತದೆ, ಹಂಚಿಕೊಳ್ಳಲು ಜೊತೆಗೆ ಇನ್ನೊಂದು ಬಟ್ಟೆ ಇರುವುದಿಲ್ಲ. ಎರಡು ಟವೆಲ್ ಸೇರಿಸಿ, ಸರಿಹೋಗುತ್ತದೆ. ಬೆಡ್‌ಶೀಟಿನ ಹೊಟ್ಟೆಯೊಳಗೆ ಸಣ್ಣ ಬಟ್ಟೆಗಳೆಲ್ಲ ಸೇರಿ ಗಂಟು ಕಟ್ಟಿದ್ದರೆ ನಿಲ್ಲಿಸಿ ಬಿಡಿಸಿ. ಎಲ್‌ಜಿ ಮಷೀನುಗಳಲ್ಲಿ ‘ಯುಇ’ (UE) ಎಂದು ತೋರಿಸಿದರೆ ಬಟ್ಟೆ ಒಂದೇ ಕಡೆ ಕೂತಿದೆ ಎಂದಷ್ಟೇ ಅರ್ಥ, ಕೆಟ್ಟುಹೋಗಿದೆ ಎಂದಲ್ಲ. ಅಜ್ಜಿ ಹೊಲಿದ ಕೌದಿಯನ್ನು ಮಾತ್ರ ಮಷೀನಿಗೆ ಹಾಕಬೇಡಿ, ಅದು ಹೀರುವ ನೀರಿನ ಭಾರ ನಿಮ್ಮ ಅಂದಾಜಿಗೆ ಸಿಗುವುದಿಲ್ಲ. ರೇನ್‌ಕೋಟ್, ನೀರು ಇಳಿಯದ ಹಾಸಿಗೆ ಕವರ್ ಇನ್ನೂ ಅಪಾಯ. ಅವು ನೀರನ್ನು ಚೀಲದಂತೆ ಹಿಡಿದಿಟ್ಟು, ವೇಗ ಹತ್ತಿದ ಮೇಲೆ ಒಮ್ಮೆಗೇ ಬಿಡುತ್ತವೆ. ಹೀಗಾದರೆ ಮಷೀನು ಉರುಳಿಯೇ ಬೀಳಬಹುದು.

ಹೊಸ ಫ್ರಂಟ್ ಲೋಡ್ ಮೊದಲ ದಿನವೇ ಅಬ್ಬರಿಸಿದರೆ, ಅಥವಾ ಮನೆ ಬದಲಿಸಿದ ಮೇಲೆ ಶುರುವಾಗಿದ್ದರೆ, ಹಿಂಬದಿಯ ಟ್ರಾನ್ಸಿಟ್ ಬೋಲ್ಟ್ ನೋಡಿ. ಸಾಗಿಸುವಾಗ ಡ್ರಮ್ ಅಲ್ಲಾಡದಿರಲಿ ಎಂದು ಹಾಕಿದ ಮೂರ್ನಾಲ್ಕು ಉದ್ದ ಬೋಲ್ಟುಗಳವು. ಓಡಿಸುವ ಮೊದಲು ತೆಗೆಯಲೇಬೇಕು, ತೆಗೆದು ಜೋಪಾನ ಮಾಡಬೇಕು.

ಕಾಲು ಸರಿ, ಬಟ್ಟೆ ಸರಿ, ಆದರೂ ದಡಬಡ ಅಂದರೆ ಡ್ರಮ್ಮನ್ನು ಹಿಡಿದಿರುವ ಭಾಗಗಳ ಸರದಿ. ಪ್ಲಗ್ ಕಿತ್ತು, ಖಾಲಿ ಡ್ರಮ್ಮನ್ನು ಕೈಯಲ್ಲಿ ಕೆಳಕ್ಕೆ ಒತ್ತಿ ಬಿಡಿ. ಮೇಲೆ ಬಂದು ನಿಲ್ಲಬೇಕು. ತೊಟ್ಟಿಲಿನಂತೆ ಮತ್ತೆ ಮತ್ತೆ ತೂಗಿದರೆ ಶಾಕ್ ಅಬ್ಸಾರ್ಬರ್ ಸವೆದಿದೆ. ಟಾಪ್ ಲೋಡಿನಲ್ಲಿ ಈ ಕೆಲಸ ಮಾಡುವುದು ನಾಲ್ಕು ಮೂಲೆಯ ಸಸ್ಪೆನ್ಷನ್ ರಾಡುಗಳು. ಒಂದು ಸೋತಿದ್ದರೂ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಎಷ್ಟೋ ಮಾಡೆಲ್‌ಗಳಲ್ಲಿ ಮುಂದಿನ, ಹಿಂದಿನ ಸ್ಪ್ರಿಂಗ್ ಬೇರೆ ಬೇರೆ ಇರುತ್ತವೆ, ಅದಲುಬದಲಾದರೆ ಹೊಸ ರಾಡ್ ಹಾಕಿಯೂ ಬುಟ್ಟಿ ಓರೆಯಾಗಿಯೇ ಇರುತ್ತದೆ. ಸೆಮಿ ಆಟೊಮ್ಯಾಟಿಕ್ಕಿನಲ್ಲಿ ಹಿಂಡುವ ಬುಟ್ಟಿಯ ಪಕ್ಕದ ಸಂದಿಗೆ ಟಾರ್ಚ್ ಬಿಡಿ. ಕರ್ಚೀಫೋ ಮಗುವಿನ ಕಾಲುಚೀಲವೋ ಅಲ್ಲಿ ಸಿಕ್ಕಿಕೊಂಡಿರುತ್ತದೆ. ಬಟ್ಟೆಯ ಮೇಲೆ ಒತ್ತಿಡುವ ಪ್ಲಾಸ್ಟಿಕ್ ತಟ್ಟೆಯನ್ನು ಇಡಲು ಮರೆಯಬೇಡಿ. ಈ ಮಷೀನಿನ ಹಿಂದಿನ ಮುಚ್ಚಳವನ್ನು ಮಾತ್ರ ನೀವಾಗಿ ತೆಗೆಯಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಕರೆಂಟನ್ನು ಹಿಡಿದಿಟ್ಟುಕೊಂಡಿರುತ್ತದೆ.

ನೀರು ಹೊರಹೋಗುವಾಗ ಮಾತ್ರ ಕಟಕಟ ಅಂದರೆ ಫ್ರಂಟ್ ಲೋಡಿನ ಕೆಳಗಿನ ಫಿಲ್ಟರ್ ಬಿಚ್ಚಿ. ಮೊದಲು ಅಗಲವಾದ ತಟ್ಟೆ ಇಡಿ, ನೀರು ಬರುತ್ತದೆ. ನಾಣ್ಯ, ಪಿನ್ನೂಸು, ತಲೆಕ್ಲಿಪ್ಪು ಸಿಗುತ್ತವೆ.

ಇನ್ನು ಬೇರಿಂಗ್. ಅದರ ಸದ್ದು ಬೇರೆಯೇ. ಖಾಲಿ ಇದ್ದರೂ ಬರುತ್ತದೆ, ವೇಗ ಏರಿದಂತೆ ಹಿಟ್ಟಿನ ಗಿರಣಿಯ ಹಾಗೆ ಏರುತ್ತದೆ. ಪ್ಲಗ್ ಕಿತ್ತು, ಫ್ರಂಟ್ ಲೋಡಿನ ಒಳಡ್ರಮ್ಮಿನ ಬಾಯಿಯ ಮೇಲಂಚನ್ನು ಹಿಡಿದು ಎತ್ತಿ ನೋಡಿ. ಒಳಗಿನದೂ ಹೊರಗಿನ ಟಬ್ಬೂ ಒಟ್ಟಿಗೆ ಅಲ್ಲಾಡಿದರೆ ಚಿಂತೆಯಿಲ್ಲ, ಅದು ಸ್ಪ್ರಿಂಗಿನ ಆಟ. ಒಳಗಿನದೊಂದೇ ಲೊಡಲೊಡ ಅಂದರೆ ಬೇರಿಂಗ್ ಸವೆದಿದೆ, ಇಲ್ಲವೇ ಡ್ರಮ್ಮಿನ ಬೆನ್ನಿಗಿರುವ ಮೂರು ತೋಳಿನ ಅಲ್ಯೂಮಿನಿಯಂ ಸ್ಪೈಡರ್ ತಿಂದುಹೋಗಿ ಬಿರುಕು ಬಿಟ್ಟಿದೆ. ಆಗ ‘ಈ ವಾರ ಒಂದು ಹೇಗೋ ನಡೆಯಲಿ’ ಎಂದು ಓಡಿಸಬೇಡಿ. ತೋಳು ಮುರಿದರೆ ಟಬ್ಬೇ ಸೀಳುತ್ತದೆ. ಕೆಲವು ಮಾಡೆಲ್‌ಗಳ ಟಬ್ಬು ಬಿಚ್ಚಲು ಬಾರದಂತೆ ಬೆಸೆದಿರುವುದರಿಂದ ಬರೀ ಬೇರಿಂಗ್ ಹಾಕಲಾಗುವುದಿಲ್ಲ, ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಮೆಕ್ಯಾನಿಕ್ಕನ್ನು ಕರೆಯುವ ಮುನ್ನ ಬಟ್ಟೆಯಿಲ್ಲದೆ ಒಮ್ಮೆ ಹಿಂಡುವುದಕ್ಕೆ ಹಾಕಿ, ಶುರುವಿನಿಂದ ನಿಲ್ಲುವವರೆಗೆ ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಿ. ಕುವೆಂಪುನಗರದ ಆ ಅಮ್ಮ ಹಾಗೆ ಕಳಿಸಿದ್ದರು. ಖಾಲಿ ಡ್ರಮ್ಮಿನ ಸದ್ದು ನಯವಾಗಿತ್ತು, ಕಾಲು ಮಾತ್ರ ನೆಲಕ್ಕೆ ಟಕಟಕ ಬಡಿಯುತ್ತಿತ್ತು. ಅದಕ್ಕೇ ನಾನು ಆ ದಿನ ಒಂದು ಸ್ಪ್ಯಾನರ್, ಒಂದು ರಸಮಟ್ಟ ಮಾತ್ರ ಹಿಡಿದು ಮೆಟ್ಟಿಲು ಹತ್ತಿದ್ದು.