ಊರು ಬಿಟ್ಟು ಬಂದ ಹಿರಿಯರ ಮರೆವು

ನೆನಪಿನ ಶಕ್ತಿ ಕುಂದುತ್ತಿರುವುದೇಕೆ ಎಂದು ವಯಸ್ಸಾದ ನಿರಾಶ್ರಿತರನ್ನು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಎರಡು: ‘ವಯಸ್ಸಾಯಿತಲ್ಲ’, ಇಲ್ಲವೇ ‘ಯೋಚನೆ ಮಾಡಿ ಮಾಡಿ ಹೀಗಾಗಿದೆ’. ಲಕ್ಷಾಂತರ ಜನರ ಸಾವಿಗೆ ಕಾರಣವಾದ ಖ್ಮೇರ್ ರೂಜ್ ಕಮ್ಯುನಿಸ್ಟ್ ಆಡಳಿತದಿಂದ (1975–79) ಬದುಕುಳಿದು ಬಂದ ಕಾಂಬೋಡಿಯಾದವರಲ್ಲಿ ಈ ಎರಡನೆಯ ಮಾತು ತೀರಾ ಸಾಮಾನ್ಯ. ಮೆದುಳಿಗೇ ಕಾಯಿಲೆ ಬಂದಿರಬಹುದು ಎಂಬ ಅನುಮಾನ ಅನೇಕರಿಗೆ ಬರುವುದೇ ಇಲ್ಲ. ಬಂದರೂ ‘ಹುಚ್ಚು’ ಎಂಬ ಹಣೆಪಟ್ಟಿಗೆ ಅಂಜಿ ಮನೆಯವರು ಬಾಯಿ ಬಿಡುವುದಿಲ್ಲ.

ಮೊದಲ ಉತ್ತರದಿಂದ ಆಗುವ ನಷ್ಟ ದೊಡ್ಡದು. ವಯಸ್ಸಾದಂತೆ ಹೆಸರುಗಳು ತಡವಾಗಿ ನೆನಪಾಗುವುದು ಸಹಜ. ಜೀವನವಿಡೀ ಮಾಡಿದ ಅಡುಗೆಯ ಕ್ರಮವೇ ತಪ್ಪುವುದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ಸಹಜವಲ್ಲ. ಹಾಗೆಂದು ಹೊಸ ದೇಶದಲ್ಲಿ ದಾರಿ ತಪ್ಪಿದ್ದನ್ನೇ ರೋಗಲಕ್ಷಣ ಎನ್ನಲೂ ಆಗದು. ಆದ್ದರಿಂದ ಮನೆಯವರನ್ನು ಕೇಳಬೇಕಾದದ್ದು ಇದು: ಮೊದಲು ಲೀಲಾಜಾಲವಾಗಿ ಮಾಡುತ್ತಿದ್ದ ಯಾವ ಕೆಲಸ ಈಗ ಕೈಗೆ ಹತ್ತುತ್ತಿಲ್ಲ, ಮತ್ತು ಯಾವಾಗಿನಿಂದ?

ಎರಡನೆಯ ಉತ್ತರವನ್ನು ಅಜ್ಞಾನವೆಂದು ತಳ್ಳಿಹಾಕುವ ವೈದ್ಯರೇ ತಪ್ಪು ಮಾಡುತ್ತಾರೆ. ಖಿನ್ನತೆ ಮತ್ತು ನಿದ್ರಾಹೀನತೆ ಎರಡೂ ಗಮನವನ್ನು ಕದಡುತ್ತವೆ. ಗಮನವಿಟ್ಟು ಕೇಳದ ಸಂಗತಿ ನೆನಪಿನಲ್ಲಿ ಕೂರುವುದೇ ಇಲ್ಲ. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಆಘಾತೋತ್ತರ ಒತ್ತಡದ ಕಾಯಿಲೆ ಇದ್ದವರಿಗೆ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಮೆದುಳಿನ ಕಾಯಿಲೆ) ಬರುವ ಸಂಭವ ಹೆಚ್ಚುಕಡಿಮೆ ಎರಡು ಪಟ್ಟು ಕಂಡಿತು. ಒಂದರಿಂದಲೇ ಇನ್ನೊಂದು ಬಂತೆಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ಹಿರಿಯರ ವಿವರಣೆಯನ್ನು ಕಿವಿಗೊಟ್ಟು ಕೇಳಲು ಇಷ್ಟು ಸಾಕು.

ವಾಸಿಯಾಗುವ ಕಾರಣಗಳನ್ನು ಮೊದಲು ಹುಡುಕಬೇಕು. ಭೂತಾನಿನಿಂದ ಹೊರಬಿದ್ದು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದವರು 2008ರಿಂದ ಅಮೆರಿಕಕ್ಕೆ ಹೋಗತೊಡಗಿದಾಗ, ಅವರ ರಕ್ತಪರೀಕ್ಷೆಗಳಲ್ಲಿ ಬಿ12 ವಿಟಮಿನ್ ಕೊರತೆ ವ್ಯಾಪಕವಾಗಿ ಕಂಡಿತು. ಶಿಬಿರದ ಊಟದಲ್ಲಿ ಮಾಂಸ, ಮೊಟ್ಟೆ, ಹಾಲು ಇಲ್ಲವೆಂಬಷ್ಟು ಕಡಿಮೆಯಿತ್ತು. ಈ ಕೊರತೆಯಿಂದ ಮರೆವು, ಗೊಂದಲ, ಪಾದಗಳ ಜೋಮು ಬರುತ್ತವೆ. ಬೇಗ ಗೊತ್ತಾದರೆ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಸುಧಾರಿಸುತ್ತವೆ. ಥೈರಾಯ್ಡ್ ಮತ್ತು ಕಿವಿ ಪರೀಕ್ಷೆಯನ್ನೂ ಬಿಡಬಾರದು.

ಇನ್ನು ನೆನಪಿನ ಪರೀಕ್ಷೆ. 1975ರಿಂದ ಬಳಕೆಯಲ್ಲಿರುವ ಎಂಎಂಎಸ್ಇ ಎಂಬ 30 ಅಂಕಗಳ ಪರೀಕ್ಷೆಯಲ್ಲಿ ವಾಕ್ಯ ಬರೆಯಬೇಕು, 100ರಿಂದ ಏಳೇಳು ಕಳೆಯುತ್ತಾ ಹೋಗಬೇಕು. ಶಾಲೆಯ ಮೆಟ್ಟಿಲು ಹತ್ತದವರ ಮೆದುಳು ಎಷ್ಟೇ ಚುರುಕಾಗಿದ್ದರೂ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ದಾಖಲೆಯಲ್ಲಿ ಜನವರಿ 1 ಎಂದು ಅಧಿಕಾರಿಗಳೇ ಬರೆದುಕೊಂಡ ಜನ್ಮದಿನವನ್ನು ಹೇಳಲಾಗಲಿಲ್ಲವೆಂದು ಮರೆವಿನ ಪಟ್ಟ ಕಟ್ಟುವುದು ಅನ್ಯಾಯವೇ ಸರಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪುಗೊಂಡ ರುಡಾಸ್ ಪರೀಕ್ಷೆ ಇಂಥವರಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ. ಅದರಲ್ಲಿ ಓದುಬರಹದ ಪ್ರಶ್ನೆ ಇಲ್ಲ. ಚಹಾ, ಅಡುಗೆ ಎಣ್ಣೆ, ಮೊಟ್ಟೆ, ಸಾಬೂನು: ಈ ನಾಲ್ಕನ್ನು ಅಂಗಡಿಯಿಂದ ತರಬೇಕೆಂದು ಹೇಳಿಕೊಟ್ಟು, ಸ್ವಲ್ಪ ಹೊತ್ತಿನ ನಂತರ ಕೇಳುತ್ತಾರೆ. ಒಂದು ಕೈ ಮುಷ್ಟಿ, ಇನ್ನೊಂದು ಚಾಚಿದ ಅಂಗೈ, ಅವನ್ನು ಅದಲುಬದಲು ಮಾಡುತ್ತಿರಬೇಕು. ದಟ್ಟಣೆಯ ರಸ್ತೆಯನ್ನು ಸಿಗ್ನಲ್ ಇಲ್ಲದೆ ಹೇಗೆ ದಾಟುವಿರಿ ಎಂದು ವಿವರಿಸಬೇಕು. ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಬೇಕು. 30ಕ್ಕೆ 22 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕು. ಆ ಅಂಕವಷ್ಟೇ ರೋಗನಿರ್ಣಯವಲ್ಲ. ಘನಾಕೃತಿ ಬಿಡಿಸುವ ಭಾಗವಂತೂ ಪೆನ್ಸಿಲ್ ಹಿಡಿಯದ ಕೈಗೆ ಇಲ್ಲೂ ಕಷ್ಟವೇ.

ದುಭಾಷಿಯಾಗಿ ಮಗನನ್ನೋ ಮೊಮ್ಮಗಳನ್ನೋ ಕೂರಿಸಿದರೆ ಪರೀಕ್ಷೆ ಕೆಡುತ್ತದೆ: ಅರ್ಧಂಬರ್ಧ ಉತ್ತರವನ್ನು ಅವರು ಪ್ರೀತಿಯಿಂದಲೇ ತಿದ್ದಿ ಹೇಳುತ್ತಾರೆ. ಹೊರಗಿನ ದುಭಾಷಿ ಬೇಕು, ಹೇಳಿದ್ದನ್ನು ಹೇಳಿದಂತೆಯೇ ದಾಟಿಸಬೇಕೆಂದು ಅವರಿಗೆ ಮೊದಲೇ ತಿಳಿಸಿರಬೇಕು.

ಕಾಯಿಲೆ ಬಲಿತಾಗ ತಡವಾಗಿ ಕಲಿತ ಭಾಷೆ ಅನೇಕರಲ್ಲಿ ಮೊದಲು ಜಾರುತ್ತದೆ, ಹಳೆಯ ಭಯ ಮೇಲೇಳಬಹುದು. ವಿಷಾನಿಲದ ಕೋಣೆಗಳನ್ನು ಸ್ನಾನದ ಮನೆಯೆಂದು ನಂಬಿಸುತ್ತಿದ್ದ, ಹಸಿವಿನಿಂದ ಸಾಯಿಸುತ್ತಿದ್ದ ನಾಜಿ ಶಿಬಿರಗಳಿಂದ ಪಾರಾಗಿದ್ದ ಕೆಲವು ಹಿರಿಯರು ಆರೈಕೆ ಕೇಂದ್ರಗಳ ಶವರ್ ಕಂಡು ಗಾಬರಿಯಾಗುತ್ತಿದ್ದರು, ಬ್ರೆಡ್ಡಿನ ತುಂಡುಗಳನ್ನು ಬಚ್ಚಿಡುತ್ತಿದ್ದರು. ಅದನ್ನು ಹಟವೆಂದು ಭಾವಿಸಿ ಬಲವಂತ ಮಾಡಿದರೆ ಭಯ ಇಮ್ಮಡಿಯಾಗುತ್ತದೆ. ಒದ್ದೆ ಬಟ್ಟೆಯಿಂದ ಮೈ ಒರೆಸಬಹುದು, ತಿನ್ನುವುದನ್ನು ಸದಾ ಕೈಗೆಟಕುವಂತೆ ಇಡಬಹುದು, ಸಮವಸ್ತ್ರ ಕಂಡರೆ ನಡುಗುವವರ ಬಳಿಗೆ ಸಾದಾ ಉಡುಪಿನಲ್ಲಿ ಹೋಗಬಹುದು. ಯಾವುದು ಯಾರನ್ನು ಬೆದರಿಸುತ್ತದೆ ಎಂಬುದನ್ನು, ಅವರಿಗೆ ಹೇಳಿಕೊಳ್ಳುವ ಶಕ್ತಿ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.